ಸರ್ವಮಂಗಳಮ್ಮನ ಹಳೆಯ ಬ್ರೌಸರ್ ಮತ್ತು ಊರಿನ ಬೀಗದ ಕೈಗಳು

ಅರಸೀಕೆರೆಯ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಸರ್ವಮಂಗಳಮ್ಮ ಎಂಬುವರು ಒಂದು ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದರು. ಕಂಪ್ಯೂಟರ್ ಮಾರುವ ಅಂಗಡಿಯಲ್ಲ. ಜನ ಬಂದು ಅರ್ಜಿ ಹಾಕಿಸಿಕೊಳ್ಳುವ, ರಿಸಲ್ಟ್ ನೋಡಿಸಿಕೊಳ್ಳುವ, ರೈಲಿನ ಟಿಕೆಟ್ ತೆಗೆಸಿಕೊಳ್ಳುವ ಅಂಗಡಿ. ಆದರೂ ಬೋರ್ಡಿನ ಮೇಲೆ ‘ಮಾರುತಿ ಟೈಪಿಂಗ್ ಇನ್‌ಸ್ಟಿಟ್ಯೂಟ್’ ಎಂದೇ ಇತ್ತು. ಯಾಕೆಂದರೆ ಮೊದಲು ಅಲ್ಲಿ ಟೈಪ್‌ರೈಟರುಗಳಿದ್ದವು. ಆಮೇಲೆ ಕಂಪ್ಯೂಟರು ಬಂತು. ಬೋರ್ಡು ಮಾತ್ರ ಹಾಗೇ ಉಳಿಯಿತು.

ಈ ಕಥೆ ಒಂದು ಬ್ರೌಸರ್ ಬಗ್ಗೆ. ಬ್ರೌಸರ್ ಎಂದರೆ ಇಂಟರ್ನೆಟ್ಟಿಗೆ ಹೋಗುವ ಬಾಗಿಲು ಎಂದುಕೊಳ್ಳಿ. ಬಾಗಿಲು ಮನೆಯೂ ಅಲ್ಲ, ಬೀದಿಯೂ ಅಲ್ಲ. ಮನೆಯಿಂದ ಬೀದಿಗೆ ಹೋಗಲು ಬೇಕಾದದ್ದು. ಒಂದೇ ಬೀದಿಗೆ ಬೇರೆ ಬೇರೆ ಬಾಗಿಲುಗಳಿಂದ ಹೋಗಬಹುದು. ಯಾವ ಬಾಗಿಲಿನಿಂದ ಹೋದರೂ ಬೀದಿ ಅದೇ. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಸರ್ವಮಂಗಳಮ್ಮ ಬಹಳ ಕಾಲ ಬಾಗಿಲನ್ನೇ ಮನೆ ಎಂದುಕೊಂಡಿದ್ದರು.

ಅವರ ಬ್ರೌಸರ್ ಬಹಳ ಹಳೆಯದು. ಅದನ್ನು ಮಾಡಿದವರೇ ಅದನ್ನು ರಿಪೇರಿ ಮಾಡುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಒಂದು ಪುಟ ತೆರೆಯಲು ಹೇಳಿದರೆ ಅದು ಯೋಚನೆಗೆ ಕೂರುತ್ತಿತ್ತು. ಅಷ್ಟರಲ್ಲಿ ಗಿರಾಕಿ ಹೊರಗೆ ಹೋಗಿ ಒಂದು ಲೋಟ ಟೀ ಕುಡಿದು ಬರಬಹುದಾಗಿತ್ತು. ಎದುರಿನ ಸಾಲಿನಲ್ಲಿ ಇನ್ನೊಂದು ಸೆಂಟರ್ ಇಟ್ಟಿದ್ದ ಯತಿರಾಜ ಇದನ್ನು ನೋಡಿ ನಗುತ್ತಿದ್ದ. ಯತಿರಾಜ ಕಂಪ್ಯೂಟರ್ ಕಲಿತದ್ದು ಸರ್ವಮಂಗಳಮ್ಮನ ಹತ್ತಿರವೇ. ಹಾಗಾಗಿ ಅವನ ನಗುವಿನಲ್ಲಿ ಸಲುಗೆಯಿತ್ತು, ಕೆಟ್ಟತನವಿರಲಿಲ್ಲ.

“ಮೇಡಂ, ಅದಕ್ಕೆ ಒಂದು ಕುರ್ಚಿ ಹಾಕಿ ಕೂರಿಸ್ಬಿಡಿ. ವಯಸ್ಸಾಗಿದೆ, ನಿಂತ್ಕೊಂಡು ಕೆಲ್ಸ ಮಾಡಕ್ಕಾಗ್ತಿಲ್ಲ ಪಾಪ.”

“ನಿನ್ ಕೆಲ್ಸ ನೀನ್ ನೋಡ್ಕೊಳಪ್ಪಾ. ನಿಂದು ಓಡುತ್ತೆ, ಸರಿ. ಆದ್ರೆ ನಿಂದಕ್ಕೆ ಯಾರ ಗುರುತಾದ್ರೂ ಇದೆಯಾ?”

ಸರ್ವಮಂಗಳಮ್ಮ ಹೀಗೆ ಕೇಳಿದರೆ ಯತಿರಾಜ ನಗುವುದು ಬಿಟ್ಟು ತನ್ನ ಅಂಗಡಿಗೆ ಹೋಗುತ್ತಿದ್ದ. ಏಕೆಂದರೆ ಅವರ ಹಳೆಯ ಬ್ರೌಸರಿಗೆ ನಿಜವಾಗಿಯೂ ಊರೆಲ್ಲ ಗುರುತಿತ್ತು.

ಅದು ಹೇಗೆಂದು ಹೇಳಬೇಕು. ಇಂಟರ್ನೆಟ್ಟಿನಲ್ಲಿ ಏನು ಕೆಲಸ ಆಗಬೇಕಾದರೂ ಒಂದು ಹೆಸರು, ಒಂದು ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಎಂದರೆ ಬೀಗದ ಕೈ ಇದ್ದಹಾಗೆ. ಅದು ಒಬ್ಬರಿಗೆ ಮಾತ್ರ ಗೊತ್ತಿರಬೇಕು. ಆದರೆ ಊರಿನ ಜನ, “ಅದೆಲ್ಲ ನಮ್ಗೆಲ್ಲಿ ನೆನಪಿರುತ್ತೆ, ನೀವೇ ಹಾಕ್ಬಿಡಿ ಅಕ್ಕಾ,” ಎನ್ನುತ್ತಿದ್ದರು. ಸರ್ವಮಂಗಳಮ್ಮ ಹಾಕುತ್ತಿದ್ದರು. “ನೆನಪಿಟ್ಟುಕೊಳ್ಳಲೇ?” ಎಂದು ಬ್ರೌಸರ್ ಕೇಳುತ್ತಿತ್ತು. “ಇಟ್ಕೋ,” ಎಂದು ಅವರು ಒತ್ತುತ್ತಿದ್ದರು. ಆಮೇಲೆ ಅವರೂ ಮರೆಯುತ್ತಿದ್ದರು. ಹೀಗೆ ಊರಿನ ಅರ್ಧ ಜನರ ಬೀಗದ ಕೈಗಳು ಆ ಹಳೆಯ ಬ್ರೌಸರಿನ ಹೊಟ್ಟೆಯೊಳಗೆ ಸೇರಿಕೊಂಡವು. ಅವು ಚುಕ್ಕೆ ಚುಕ್ಕೆಯಾಗಿ ಕಾಣುತ್ತಿದ್ದವೇ ಹೊರತು, ಆ ಚುಕ್ಕೆಗಳ ಹಿಂದೆ ಏನಿದೆ ಎಂಬುದು ಅವರಿಗೂ ತಿಳಿದಿರಲಿಲ್ಲ.

ಇಂಥ ಅಭ್ಯಾಸ ತಪ್ಪು ಎಂದು ಅವರಿಗೆ ಅನ್ನಿಸಿರಲಿಲ್ಲ. ಬದಲಿಗೆ ಅದು ಅವರ ಹೆಮ್ಮೆಯಾಗಿತ್ತು. ಯಾರಾದರೂ ಬಂದು ಎದುರು ಕುಳಿತರೆ ಸಾಕು, ಹೆಸರಿನ ಮೊದಲ ಅಕ್ಷರ ಒತ್ತುತ್ತಿದ್ದರು. ಬ್ರೌಸರ್ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತಿತ್ತು, ಹಳೆಯ ಹೋಟೆಲಿನ ಮಾಣಿ ಕೇಳದೆಯೇ ಸಕ್ಕರೆ ಕಡಿಮೆ ಕಾಫಿ ತಂದಿಡುವಂತೆ.

ಇನ್ನೊಂದು ಗುಟ್ಟೂ ಇತ್ತು. ಇಂಗ್ಲಿಷಿನ ‘ಡಿ’ ಅಕ್ಷರ ಒತ್ತಿದರೆ ಮೊದಲು ಬರುತ್ತಿದ್ದುದು ದೊರೆಸ್ವಾಮಿ ಮಾಸ್ಟರ ಹೆಸರು. ಆ ಇನ್‌ಸ್ಟಿಟ್ಯೂಟ್ ಕಟ್ಟಿದವರು ಅವರು. ಸರ್ವಮಂಗಳಮ್ಮನಿಗೆ ಟೈಪಿಂಗ್ ಕಲಿಸಿದವರು ಅವರು. ಕೊನೆಗೆ ಅಂಗಡಿಯನ್ನೇ ಇವರ ಕೈಗೆ ಬಿಟ್ಟು ಹೋದವರೂ ಅವರೇ. ಹೋದರು ಎಂದರೆ ತೀರಿಕೊಂಡರು. ಆದರೆ ಬ್ರೌಸರಿಗೆ ಅದು ಗೊತ್ತಿರಲಿಲ್ಲ. ಸರ್ವಮಂಗಳಮ್ಮ ಒಮ್ಮೊಮ್ಮೆ ಕೆಲಸವಿಲ್ಲದಾಗ ಸುಮ್ಮನೆ ‘ಡಿ’ ಒತ್ತುತ್ತಿದ್ದರು. ಮಾಸ್ಟರ ಹೆಸರು ಬರುತ್ತಿತ್ತು. ಒಂದು ಗಳಿಗೆ ನೋಡಿ, ಒತ್ತಿದ ಅಕ್ಷರ ಅಳಿಸುತ್ತಿದ್ದರು.

ಆಗ ಅವರಿಗೆ ಹಳೆಯ ದಿನಗಳು ಕಣ್ಣೆದುರು ಬರುತ್ತಿದ್ದವು. ಇದೇ ಕೋಣೆ. ಸಾಲಾಗಿ ಟೈಪ್‌ರೈಟರುಗಳು. ಸಾಲು ಮುಗಿದಾಗ ಟಿಣ್ ಎನ್ನುವ ಗಂಟೆ, ರಿಬ್ಬನ್ನಿನ ಮಸಿ ವಾಸನೆ, ಕಿಟಕಿಯಾಚೆ ಹುಬ್ಬಳ್ಳಿಯ ಕಡೆಗೆ ಹೊರಟ ರೈಲಿನ ಕೂಗು. ಮಾಸ್ಟರ ಪದ್ಧತಿ ವಿಚಿತ್ರವಾಗಿತ್ತು. ಒಂದು, ಅವರು ಕೀಲಿಗಳು ಕಾಣದಂತೆ ಕೈಗಳ ಮೇಲೆ ಒಂದು ಬಟ್ಟೆ ಮುಚ್ಚುತ್ತಿದ್ದರು. ಇನ್ನೊಂದು, ಪ್ರತಿ ಶನಿವಾರ ಎಲ್ಲರೂ ಮಿಷನ್ ಬದಲಿಸಬೇಕಿತ್ತು. ಈ ವಾರ ಕಿಟಕಿಯ ಪಕ್ಕದ್ದಾದರೆ ಮುಂದಿನ ವಾರ ಬಾಗಿಲ ಪಕ್ಕದ್ದು. ಸರ್ವಮಂಗಳಮ್ಮ, ಆಗಿನ್ನೂ ಎರಡು ಜಡೆಯ ಸರ್ವಮಂಗಳಾ, ಕಿಟಕಿ ಪಕ್ಕದ ಮಿಷನ್ನನ್ನು ಬಿಡಲಾರದೆ ಒಮ್ಮೆ ಅತ್ತೇ ಬಿಟ್ಟಿದ್ದರು. ಅದರ ‘ರ’ ಕೀಲಿ ಸ್ವಲ್ಪ ಸಡಿಲ. ಹಗುರವಾಗಿ ಒತ್ತಿದರೂ ಬೀಳುತ್ತಿತ್ತು. ಅದು ತನ್ನ ಬೆರಳನ್ನು ಬಲ್ಲದು ಎಂದು ಅವರಿಗೆ ಅನ್ನಿಸುತ್ತಿತ್ತು.

“ಸಾರ್, ಇದೊಂದೇ ವಾರ ಸಾರ್. ಈ ಮಿಷನ್ನಿಗೆ ನನ್ನ ಕೈ ಗೊತ್ತು.”

“ಅದೇನಮ್ಮ ತೊಂದರೆ,” ಎಂದಿದ್ದರು ಮಾಸ್ಟರು. “ಮಿಷನ್ನಿಗೆ ಗೊತ್ತಿದ್ದರೆ ನಿನಗೇನು ಬಂತು? ಏಳು, ಏಳು. ಬಾಗಿಲ ಹತ್ತಿರದ್ದು ಖಾಲಿ ಇದೆ.”

ಹಾಸನದಲ್ಲಿ ಟೈಪಿಂಗಿನ ಜೂನಿಯರ್ ಪರೀಕ್ಷೆಗೆ ಕೂತಾಗ ಅವರಿಗೆ ಸಿಕ್ಕಿದ ಮಿಷನ್ನಿನ ‘ರ’ ಕಲ್ಲಿನಂತೆ ಗಟ್ಟಿಯಾಗಿತ್ತು. ಆದರೂ ಪಾಸಾದರು. ಯಾಕೆ ಪಾಸಾದರು ಎಂಬುದನ್ನು ಆಗ ತಿಳಿದಿದ್ದರು. ಆಮೇಲೆ ಮರೆತರು. ಮನುಷ್ಯರಿಗೆ ಗಂಟೆಯ ಸದ್ದು ನೆನಪಿರುತ್ತದೆ, ಮಸಿಯ ವಾಸನೆ ನೆನಪಿರುತ್ತದೆ. ಪಾಠವೇ ಎಷ್ಟೋ ಸಲ ಮರೆತುಹೋಗುತ್ತದೆ.

ಹೀಗಿರುವಾಗ ಒಂದು ಮಧ್ಯಾಹ್ನ ಜಬೀನಾ ತನ್ನ ಮಗಳು ತಸ್ಲೀಮಳನ್ನು ಕರೆದುಕೊಂಡು ಬಂದಳು. ಜಬೀನಾ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಹಿಂದೆ ಅವಳೂ ದೊರೆಸ್ವಾಮಿ ಮಾಸ್ಟರ ಹತ್ತಿರ ಟೈಪಿಂಗ್ ಕಲಿತವಳೇ. ಮಗಳಿಗೆ ನರ್ಸಿಂಗ್ ಓದುವ ಆಸೆ. ರ‍್ಯಾಂಕ್ ಬಂದಿತ್ತು. ಯಾವ ಯಾವ ಕಾಲೇಜು ಬೇಕು ಎಂದು ಇಂಟರ್ನೆಟ್ಟಿನಲ್ಲಿ ಆರಿಸಿ ಒಪ್ಪಿಗೆ ಒತ್ತಬೇಕಿತ್ತು. ಅದಕ್ಕೆ ಅವತ್ತೇ ಕೊನೆಯ ದಿನ. ಸಂಜೆಯಾದರೆ ಮುಗಿಯಿತು. ಒತ್ತದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ, ತಸ್ಲೀಮಳ ಒಂದು ವರ್ಷ ಹೋಗುತ್ತದೆ. ಒಂದು ವರ್ಷ ಸುಮ್ಮನೆ ಕೂತ ಹುಡುಗಿಗೆ ಗಂಡು ನೋಡಲು ಅವಳ ಚಿಕ್ಕಪ್ಪ ಆಗಲೇ ಸಿದ್ಧವಾಗಿದ್ದ.

“ಕೊನೇ ದಿನದ ತನಕ ಏನ್ ಮಾಡ್ತಿದ್ರೇ?” ಎಂದರು ಸರ್ವಮಂಗಳಮ್ಮ.

“ಇವಳನ್ನೇ ಕೇಳಿ ಅಕ್ಕಾ. ಹಾಸನ ಬೇಕು ಅಂತಾಳೆ, ತುಮಕೂರು ಬೇಕು ಅಂತಾಳೆ. ಬಳೆ ಅಂಗಡೀಲಿ ಕೂತಂಗೆ ಕೂತಿದ್ಲು.”

“ಅಮ್ಮೀ, ಯೋಚನೆ ಮಾಡ್ಬೇಕಲ್ಲ!”

ಸರ್ವಮಂಗಳಮ್ಮ ನಕ್ಕು ‘ಟಿ’ ಒತ್ತಿದರು. ತಸ್ಲೀಮಳ ಹೆಸರು ಬಂತು. ಚುಕ್ಕೆಗಳು ಬಂದವು. ಒಳಗೆ ಹೋಗುವ ಗುಂಡಿ ಒತ್ತಿದರು. ಬ್ರೌಸರ್ ಎಂದಿನಂತೆ ಯೋಚನೆಗೆ ಕುಳಿತಿತು. ಆಮೇಲೆ ಪರದೆಯ ಮೇಲೆ ಹೀಗೆ ಬಂತು: ‘ನಿಮ್ಮ ಬ್ರೌಸರ್ ಹಳೆಯದಾಗಿದೆ. ದಯವಿಟ್ಟು ಬೇರೆ ಬ್ರೌಸರ್ ಬಳಸಿ.’

ಮತ್ತೆ ಒತ್ತಿದರು. ಮತ್ತೆ ಅದೇ. ಕಂಪ್ಯೂಟರ್ ಆರಿಸಿ ಹಚ್ಚಿದರು. ಆಗಲೂ ಅದೇ. ಸರ್ವಮಂಗಳಮ್ಮನಿಗೆ ತನ್ನನ್ನೇ ಯಾರೋ ಹೊಸ್ತಿಲಲ್ಲಿ ನಿಲ್ಲಿಸಿದಂತಾಯಿತು.

“ನಡೀರಿ,” ಎಂದು ಎದ್ದರು. “ಯತಿರಾಜನ ಹತ್ರ ಹೋಗಣ.” ಹೀಗೆ ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಬೇರೆ ಹೇಳಬೇಕಿಲ್ಲ.

ಯತಿರಾಜ ನಗಲಿಲ್ಲ. ವಿಷಯ ಕೇಳಿದ ಕೂಡಲೇ ಒಬ್ಬ ಗಿರಾಕಿಯನ್ನು ಎಬ್ಬಿಸಿ ಕುರ್ಚಿ ಕೊಟ್ಟ. ಅವನ ಹೊಸ ಬ್ರೌಸರ್ ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ತೆರೆಯಿತು. ‘ಪಾಸ್‌ವರ್ಡ್?’ ಎಂದು ಕೇಳಿತು.

ಯತಿರಾಜ ತಸ್ಲೀಮಳನ್ನು ನೋಡಿದ. ತಸ್ಲೀಮ ತಾಯಿಯನ್ನು ನೋಡಿದಳು. ಜಬೀನಾ ಸರ್ವಮಂಗಳಮ್ಮನನ್ನು ನೋಡಿದಳು.

“ಆಂಟಿ, ನಿಮ್ಮ ಕಂಪ್ಯೂಟರಿಗೆ ಗೊತ್ತಲ್ಲ?” ಎಂದಳು ತಸ್ಲೀಮ.

ಗೊತ್ತಿತ್ತು. ಗೊತ್ತಿದ್ದ ಬಾಗಿಲು ತೆರೆಯುತ್ತಿರಲಿಲ್ಲ, ತೆರೆಯುವ ಬಾಗಿಲಿಗೆ ಗೊತ್ತಿರಲಿಲ್ಲ.

“‘ಪಾಸ್‌ವರ್ಡ್ ಮರೆತಿರಾ’ ಅಂತ ಒತ್ತಣ,” ಎಂದ ಯತಿರಾಜ. “ಮೊಬೈಲಿಗೆ ಒಂದು ನಂಬರ್ ಬರುತ್ತೆ. ಅದನ್ನ ಹಾಕಿದ್ರೆ ಹೊಸಾದು ಮಾಡ್ಕೋಬಹುದು. ಯಾರ ಮೊಬೈಲ್ ಕೊಟ್ಟಿದ್ರಿ?”

ಆಗ ಸರ್ವಮಂಗಳಮ್ಮನಿಗೆ ನೆನಪಾಯಿತು. ಜಬೀನಾಳ ಮನೆಯ ಮೊಬೈಲು ಲಾರಿ ಓಡಿಸುವ ಅವಳ ಗಂಡನ ಜೊತೆ ಊರೂರು ಸುತ್ತುತ್ತಿತ್ತು. ಹಾಗಾಗಿ ಅರ್ಜಿಯಲ್ಲಿ ತಮ್ಮದೇ ನಂಬರ್ ಹಾಕಿದ್ದರು. ಇವಳೊಬ್ಬಳದಲ್ಲ, ಎಷ್ಟೋ ಜನರದ್ದು ಹಾಗೇ ಹಾಕಿದ್ದರು. ಮೊಬೈಲು ಅಂಗಡಿಯಲ್ಲಿತ್ತು. ಓಡಿ ಹೋಗಿ ತೆಗೆದುಕೊಂಡರೆ ಚಾರ್ಜ್ ಸತ್ತುಹೋಗಿತ್ತು. ಅದನ್ನು ಯತಿರಾಜನ ವೈರಿಗೆ ಸಿಕ್ಕಿಸಿ ಎಲ್ಲರೂ ಸುತ್ತ ನಿಂತರು, ಒಲೆಯ ಮೇಲಿನ ಹಾಲು ನೋಡುವವರಂತೆ. ಜಬೀನಾ ಬಾಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು. ತಸ್ಲೀಮಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

ಅಲ್ಲಿ ನಿಂತಿದ್ದಾಗ ಸರ್ವಮಂಗಳಮ್ಮನ ಮನಸ್ಸಿಗೆ ಒಂದು ಮಾತು ಹೊಳೆಯಿತು. ‘ಇವತ್ತು ನಾನು ಕಡೂರಿಗೆ ಮದುವೆಗೆ ಹೋಗಬೇಕಿತ್ತು. ಸೊಂಟ ನೋವೆಂದು ಉಳಿದೆ. ಹೋಗಿದ್ದರೆ? ಈ ಹುಡುಗಿಯ ಬೀಗವೂ ನನ್ನ ಹತ್ತಿರ, ಬೀಗದ ಕೈಯೂ ನನ್ನ ಹತ್ತಿರ. ನಾನು ಇಲ್ಲದ ದಿನ ಇವಳು ಯಾರ ಮನೆ ಮುಂದೆ ನಿಲ್ಲಬೇಕು?’ ಇಷ್ಟು ದಿನ ಅವರು ಇದನ್ನು ಉಪಕಾರ ಎಂದುಕೊಂಡಿದ್ದರು.

ಮೊಬೈಲಿಗೆ ಜೀವ ಬಂತು. ನಂಬರ್ ಬಂತು. ಪರದೆ ಹೊಸ ಪಾಸ್‌ವರ್ಡ್ ಕೇಳಿತು.

“ನೀವೇ ಹಾಕಿ ಆಂಟಿ, ಬೇಗ. ನಂಗೆ ನೆನಪಿರಲ್ಲ,” ಎಂದು ತಸ್ಲೀಮ ಕುರ್ಚಿಯಿಂದ ಎದ್ದಳು.

ಸರ್ವಮಂಗಳಮ್ಮನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಅವರಿಗೆ ಅದು ಒಂದು ಚಿಟಿಕೆಯ ಕೆಲಸ. ಹೊತ್ತು ಬೇರೆ ಮೀರುತ್ತಿತ್ತು. ಆದರೆ ಕೈ ಅರ್ಧಕ್ಕೆ ನಿಂತಿತು. ಅವರ ಕಿವಿಯಲ್ಲಿ ಎಂದಿನದೋ ಒಂದು ಗಂಟೆ ಟಿಣ್ ಎಂದಿತು. ‘ಮಿಷನ್ನಿಗೆ ಗೊತ್ತಿದ್ದರೆ ನಿನಗೇನು ಬಂತು?’

“ಕೂತ್ಕೋ,” ಎಂದರು. “ನೀನೇ ಹಾಕು. ನಾನು ಆ ಕಡೆ ತಿರುಗ್ಕೋತೀನಿ. ಜಬೀನಾ, ನೀನೂ ತಿರುಗು. ಯತಿರಾಜ, ನೀನು ಕಣ್ ಮುಚ್ಚಿದ್ರೆ ಸಾಲ್ದು, ಹೊರಗೇ ಹೋಗು.”

“ನನ್ ಅಂಗಡಿಯಿಂದ ನನ್ನೇ ಹೊರಗೆ ಹಾಕ್ತೀರಾ ಮೇಡಂ!” ಎನ್ನುತ್ತ ಅವನು ಹೋದ.

“ಹೊತ್ತಾಗ್ತಿದೆ ಅಕ್ಕಾ...” ಎಂದಳು ಜಬೀನಾ ಗೋಡೆಗೆ ಮುಖ ಮಾಡಿ.

“ಮಾಸ್ಟರು ಬಟ್ಟೆ ಮುಚ್ತಿದ್ದಿದ್ದು ಮರೆತ್ಯಾ?”

“ಮರೆಯೋದಾ! ನೀಲಿ ಗೆರೆ ಟವಲ್ಲು. ಒಗೀತಿರ್ಲಿಲ್ಲ ಅಂತ ಕಾಣುತ್ತೆ.” ಇಬ್ಬರೂ ಗೋಡೆಯನ್ನು ನೋಡುತ್ತಲೇ ನಕ್ಕರು.

ತಸ್ಲೀಮಳ ಮೊದಲ ಪ್ರಯತ್ನಕ್ಕೆ ಪರದೆ ‘ದುರ್ಬಲ’ ಎಂದಿತು. “ನೋಡಿ ಆಂಟಿ, ಬೈಯುತ್ತೆ!” “ಬೈಯಲಿ. ಇನ್ನೊಂದು ಯೋಚನೆ ಮಾಡು. ಯಾರಿಗೂ ಗೊತ್ತಿರಬಾರದು, ನಿನಗೆ ಮರೀಬಾರದು. ಅಂಥಾದ್ದು.” ಹುಡುಗಿ ತುಟಿ ಕಚ್ಚಿ ಯೋಚಿಸಿದಳು. ಆಮೇಲೆ ಸದ್ದಿಲ್ಲದೆ ನಕ್ಕು ಟೈಪ್ ಮಾಡಿದಳು. ಪುಟ ತೆರೆಯಿತು. ಹಾಸನ ಮೊದಲು, ತುಮಕೂರು ಆಮೇಲೆ. ಒಪ್ಪಿಗೆಯ ಗುಂಡಿ ಒತ್ತಿದಾಗ ಗಡಿಯಾರದಲ್ಲಿ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು.

ಮರುದಿನ ಸರ್ವಮಂಗಳಮ್ಮ ತಾವೇ ಯತಿರಾಜನನ್ನು ಕರೆದರು. “ಒಂದು ಹೊಸಾ ಬ್ರೌಸರ್ ಹಾಕ್ಕೊಡಪ್ಪಾ. ಯಾವುದು ಒಳ್ಳೇದು?”

ಯತಿರಾಜ ಹುರುಪಿನಿಂದ ಹೇಳತೊಡಗಿದ. ಒಂದು ಬಹಳ ಚುರುಕು, ಆದರೆ ಕಂಪ್ಯೂಟರಿನ ಜೀವ ಹೀರುತ್ತದೆ. ಒಂದು ಜಾಹೀರಾತು ತಡೆಯುತ್ತದೆ. ಒಂದು ಕಂಪ್ಯೂಟರಿನ ಜೊತೆಗೇ ಬಂದಿರುತ್ತದೆ, ಬೇಡವೆಂದರೂ ಹೋಗುವುದಿಲ್ಲ. ಸರ್ವಮಂಗಳಮ್ಮ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು.

“ನಾಳೆ ನಾನು ಬಿಟ್ಟು ಹೋಗ್ತೀನಿ ಅಂದ್ರೆ, ನನ್ನ ಸಾಮಾನೆಲ್ಲ ತಕರಾರಿಲ್ಲದೆ ಕೊಟ್ಟು ಕಳಿಸೋದು ಯಾವುದು?”

“ಅಯ್ಯೋ ಮೇಡಂ! ಗೃಹಪ್ರವೇಶದ ದಿನವೇ ಮನೆ ಖಾಲಿ ಮಾಡೋ ಮಾತಾ?”

“ಹೋಗೋರನ್ನ ಹಿಡ್ಕೊಳ್ದೇ ಇರೋರ ಹತ್ರ ಇರೋದು ಸುಖ ಕಣೋ. ಮಾಸ್ಟರು ಹಾಗಿದ್ರು.”

ಅಂಥದೊಂದನ್ನು ಹುಡುಕಿ ಹಾಕಿದ್ದಾಯಿತು. ಮೊದಲ ಸಲ ತೆರೆದಾಗ ಅದು ಕೇಳಿತು: ‘ಹಳೆಯ ಬ್ರೌಸರಿನಿಂದ ಎಲ್ಲವನ್ನೂ ತರಲೇ?’ ಕೆಳಗೆ ಎರಡು ಸಾಲುಗಳಿದ್ದವು. ಒಂದು, ಗುರುತು ಹಾಕಿಟ್ಟ ಪುಟಗಳು. ಅಂದರೆ ಎಲ್ಲೆಲ್ಲಿಗೆ ಹೋಗುತ್ತಿದ್ದೆವೋ ಆ ದಾರಿಗಳು. ಇನ್ನೊಂದು, ಪಾಸ್‌ವರ್ಡುಗಳು. ಅಂದರೆ ಊರಿನ ಬೀಗದ ಕೈಗಳು.

“ಎರಡಕ್ಕೂ ಟಿಕ್ ಹಾಕಿ ಒತ್ತಿ ಮೇಡಂ. ಇಡೀ ಊರೇ ಈ ಕಡೆ ಬಂದ್ಬಿಡುತ್ತೆ.”

ಸರ್ವಮಂಗಳಮ್ಮ ಒತ್ತಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೆ ಭಯವಾಗಿತ್ತು. ಊರಿನ ಜನ ಯತಿರಾಜನ ಚುರುಕಾದ ಅಂಗಡಿ ಬಿಟ್ಟು ತಮ್ಮಲ್ಲಿಗೆ ಬರುತ್ತಿದ್ದುದು ಏಕೆ? ಅವರ ಗುರುತು ಇಲ್ಲಿತ್ತು, ಅದಕ್ಕೆ. ಬೀಗದ ಕೈಗಳನ್ನೆಲ್ಲ ಅವರವರಿಗೇ ಕೊಟ್ಟುಬಿಟ್ಟರೆ ಆಮೇಲೆ ಯಾರು ಬರುತ್ತಾರೆ? ಹಳೆಯ ಬೋರ್ಡು, ಹಳೆಯ ಕುರ್ಚಿ, ಹಳೆಯ ಹೆಂಗಸು. ಇದನ್ನು ಬಿಟ್ಟರೆ ಅಂಗಡಿಯಲ್ಲಿ ಉಳಿಯುವುದೇನು? ಮತ್ತೆ, ‘ಡಿ’ ಒತ್ತಿದಾಗ ಬರುವ ಆ ಹೆಸರು?

ಬಹಳ ಹೊತ್ತು ಹಾಗೇ ಕುಳಿತಿದ್ದರು. ಕಿಟಕಿಯ ಪಕ್ಕದ ಮಿಷನ್ನಿನ ಮುಂದೆ ಹಟ ಹಿಡಿದು ಕುಳಿತಿದ್ದ ಎರಡು ಜಡೆಯ ಹುಡುಗಿಯ ಹಾಗೆ. ಆಮೇಲೆ ಮೊದಲ ಸಾಲಿಗೆ ಟಿಕ್ ಹಾಕಿದರು. ಎರಡನೆಯದನ್ನು ಖಾಲಿ ಬಿಟ್ಟರು.

“ದಾರಿಗಳು ಬರಲಿ,” ಎಂದರು. “ಬೀಗದ ಕೈಗಳು ಬೇಡ.”

ಅಂದಿನಿಂದ ಯಾರೇ ಬಂದರೂ ಸರ್ವಮಂಗಳಮ್ಮ ಕುರ್ಚಿಯಿಂದ ಏಳುತ್ತಿದ್ದರು. “ಕೂತ್ಕೊಳಿ. ನಿಮ್ಮ ಮೊಬೈಲ್ ನಂಬರ್ ಹಾಕಣ. ಪಾಸ್‌ವರ್ಡ್ ನೀವೇ ಹಾಕಿ,” ಎಂದು ಹೇಳಿ ಗೋಡೆಗೆ ತಿರುಗಿ ನಿಲ್ಲುತ್ತಿದ್ದರು. ಸ್ವಂತ ಮೊಬೈಲ್ ಇಲ್ಲದವರಿಗೆ ಮಗನದೋ ಸೊಸೆಯದೋ, ಅವರು ನಂಬುವವರದೋ ಹಾಕಿಸುತ್ತಿದ್ದರು. ಜನ ಗೊಣಗಿದರು. “ಅಕ್ಕನಿಗೆ ಸೊಕ್ಕು ಬಂದಿದೆ,” ಎಂದವರಿದ್ದರು. ತೆಂಗಿನಕಾಯಿ ಮಂಡಿಯ ಪುಟ್ಟಲಿಂಗಪ್ಪನವರಂತೂ, “ನಾನು ಈ ವಯಸ್ಸಲ್ಲಿ ಬಾಯಿಪಾಠ ಮಾಡಬೇಕೇನಮ್ಮಾ?” ಎಂದು ಕೋಪಿಸಿಕೊಂಡು ಎದ್ದು ಹೋದರು. ಮರುದಿನ ಬಂದು, ತೋರುಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಬೆವರು ಒರೆಸಿಕೊಂಡು ಹೋದರು. ಕೆಲವರು ನಿಜವಾಗಿಯೂ ಯತಿರಾಜನ ಕಡೆ ಹೋದರು. ಅಂಗಡಿಯ ಬೆಂಚು ಮೊದಲಿನಷ್ಟು ತುಂಬುತ್ತಿರಲಿಲ್ಲ. ಇದನ್ನೂ ಹೇಳದಿದ್ದರೆ ಕಥೆ ಸುಳ್ಳಾಗುತ್ತದೆ.

ಎಲ್ಲರಿಗೂ ಅವರವರ ಬೀಗದ ಕೈ ಸೇರಿದ ಮೇಲೆ ಹಳೆಯ ಬ್ರೌಸರನ್ನು ತೆಗೆಯುವ ದಿನ ಬಂತು. ಯತಿರಾಜ ತೆಗೆಯಲು ಬಂದಿದ್ದ. “ಒಂದು ನಿಮಿಷ ಇರಪ್ಪಾ,” ಎಂದು ಸರ್ವಮಂಗಳಮ್ಮ ಅದನ್ನು ಕೊನೆಯ ಸಲ ತೆರೆದರು. ‘ಡಿ’ ಒತ್ತಿದರು. ಅದು ಎಂದಿನಂತೆ ಯೋಚಿಸಿತು. ದೊರೆಸ್ವಾಮಿ ಮಾಸ್ಟರ ಹೆಸರು ಬಂತು. ನೋಡಿದರು. ಈ ಸಲ ಅಳಿಸಲಿಲ್ಲ. ಹಾಗೇ ಮುಚ್ಚಿದರು.

“ಶನಿವಾರ ಅಲ್ವಾ ಇವತ್ತು?” ಎಂದು ಕೇಳಿದರು.

“ಹೌದು ಮೇಡಂ. ಯಾಕೆ?”

“ಏನಿಲ್ಲ. ತೆಗೆ.”

ಕೆಲವು ವಾರಗಳ ನಂತರ ಪುಟ್ಟಲಿಂಗಪ್ಪನವರು ಛತ್ರಿ ಊರಿಕೊಂಡು ಅಂಗಡಿಗೆ ಬಂದರು. ಬೆಂಚಿನ ಮೇಲೆ ಕುಳಿತರು. ಸರ್ವಮಂಗಳಮ್ಮ ಅಭ್ಯಾಸದಂತೆ ಕುರ್ಚಿ ಬಿಟ್ಟು ಎದ್ದರು.

“ಏನಾಗಬೇಕಿತ್ತು ಯಜಮಾನ್ರೇ? ಪಾಸ್‌ವರ್ಡ್ ಮರೆತೋಯ್ತಾ?”

“ಇಲ್ಲಮ್ಮ, ಕೆಲಸ ಏನೂ ಇಲ್ಲ.” ಮುದುಕರು ಎದೆ ಸೆಟೆಸಿ ಕುಳಿತರು. “ಮರ್ತಿಲ್ಲ. ಇನ್ನೂ ನೆನಪಿದೆ ಅಂತ ಹೇಳೋಕೇ ಬಂದೆ.”

ಸರ್ವಮಂಗಳಮ್ಮ ಎದುರಿನ ಅಂಗಡಿಯ ಕಡೆ ತಿರುಗಿ, “ಯತಿರಾಜಾ, ಮೂರು ಟೀ ಹೇಳೋ!” ಎಂದು ಕೂಗಿದರು. ಕಿಟಕಿಯಾಚೆ ಹುಬ್ಬಳ್ಳಿಯ ಕಡೆಗೆ ರೈಲು ಹೊರಟಿತ್ತು.

ನೀತಿ: ಹಳೆಯ ಬಾಗಿಲನ್ನು ಪ್ರೀತಿಸುವುದು ತಪ್ಪಲ್ಲ. ಅದನ್ನು ಬಿಟ್ಟು ಹೊಸ ಬಾಗಿಲಿಗೆ ಹೋಗುವುದೂ ತಪ್ಪಲ್ಲ. ಆದರೆ ಯಾವ ಬಾಗಿಲಾದರೂ ಅದರ ಬೀಗದ ಕೈ ಅದರ ಒಡೆಯನ ಹತ್ತಿರವೇ ಇರಬೇಕು. ಇನ್ನೊಬ್ಬರ ಬೀಗದ ಕೈಯನ್ನು ನಮ್ಮ ಹತ್ತಿರ ಇಟ್ಟುಕೊಂಡರೆ ಅವರು ನಮ್ಮನ್ನು ಬಿಟ್ಟು ಹೋಗಲಾರರು, ನಿಜ. ಅವರ ಬೀಗದ ಕೈ ಅವರಿಗೆ ಕೊಟ್ಟ ಮೇಲೂ ಯಾರು ನಮ್ಮಲ್ಲಿಗೆ ಬರುತ್ತಾರೋ ಅವರೇ ನಮ್ಮವರು.